‘ಬರೀ ಹೆಸರು’ ಅಂತೆ!

ಸಂಪಾದಕರೇ,

ಕಳೆದ ಶನಿವಾರ ಇಲ್ಲಿ ಮಿನೆಸೋಟದ ನಮ್ಮ ಲೈಬ್ರರಿಯಲ್ಲಿ ನಡೆದ ಹೊಸ ಮತದಾರರ ಸಭೆ ‘ಅಚ್ಚುಕಟ್ಟಾಗಿ ನಡೆಯಿತು’ ಎಂದು ಬರೆದಿದ್ದೀರಿ. ನಿಮ್ಮ ವರದಿಗಾರರು ಯಾವ ಸಭೆಗೆ ಹೋಗಿದ್ದರೋ ಗೊತ್ತಿಲ್ಲ. ನಾನು ಹೋದ ಕಡೆ ಕುರ್ಚಿ ಮೂವತ್ತು, ಜನ ಎಪ್ಪತ್ತು. ಪಾರ್ಕಿಂಗ್ ಜಾಗದ ಅರ್ಧಕ್ಕೆ ಹಿಮ ಗುಡ್ಡೆ ಹಾಕಿದ್ದರು. ಮೂರು ಬೀದಿ ಆಚೆ ಕಾರು ನಿಲ್ಲಿಸಿ, ಎಪ್ಪತ್ತೆರಡು ವರ್ಷದ ನಮ್ಮಪ್ಪನನ್ನು ಜಾರುವ ಹಾದಿಯಲ್ಲಿ ಕೈ ಹಿಡಿದು ಕರೆದುಕೊಂಡು ಹೋದೆ. ಓಟು ಇರುವುದು ನನ್ನ ಹೆಂಡತಿಗೆ, ಅದೂ ಇದೇ ಮೊದಲು. ಅಪ್ಪ ಮದ್ದೂರಿನಿಂದ ಮೊಮ್ಮಗಳನ್ನು ನೋಡಲು ಬಂದವರು. ‘ಇಲ್ಲಿ ಓಟು ಹಾಕೋದು ಹೆಂಗೆ ಹೇಳ್ಕೊಡ್ತಾರೆ ನೋಡಾಣ ನಡಿ’ ಅಂತ ಮಂಕಿ ಕ್ಯಾಪ್ ಹಾಕಿಕೊಂಡು ಹೊರಟರು.

ಎಲ್ಲರಿಗೂ ಮಾದರಿ ಮತಪತ್ರದ ಒಂದು ಮಸುಕು ಜೆರಾಕ್ಸ್ ಕೊಟ್ಟರು. ಅಪ್ಪ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದರು: ಡೆಮಾಕ್ರಟಿಕ್-ಫಾರ್ಮರ್-ಲೇಬರ್. ನಮ್ಮ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಇದೇ ಹೆಸರು; ಫಾರ್ಮರ್ ಅಂದರೆ ರೈತ, ಲೇಬರ್ ಅಂದರೆ ಕಾರ್ಮಿಕ. ‘ಲೋ ಮಗಾ, ಇಲ್ಲಿ ರೈತರ ಹೆಸರೈತಲ್ಲೋ!’ ಹಸಿರು ಶಾಲು ಹೊದ್ದು ರೈತ ಸಂಘದ ಮೆರವಣಿಗೆಯಲ್ಲಿ ನಡೆದವರು, ಮುಖ ಅರಳಿತು. ನಾನು ಎದ್ದು ನಿಂತು ಕೇಳಿದೆ, ಈ ಹೆಸರು ಹೀಗ್ಯಾಕೆ ಅಂತ. ಮೈಕ್ ಹಿಡಿದಿದ್ದ ಅಧಿಕಾರಿ ಗಡಿಯಾರ ನೋಡಿಕೊಂಡು, ‘ಅದು ಬರೀ ಹೆಸರು, ಡೆಮಾಕ್ರಟಿಕ್ ಅಂತ ಓದ್ಕೊಳ್ಳಿ ಸಾಕು’ ಅಂದರು. ನಿಮ್ಮ ವರದಿಯಲ್ಲೂ ಅಷ್ಟೇ ಉಳಿದಿದೆ. ರೈತನೂ ಇಲ್ಲ, ಕೂಲಿಯವನೂ ಇಲ್ಲ.

ಬರೀ ಹೆಸರಾ ಸ್ವಾಮಿ ಅದು? ಪಕ್ಕದ ನಾರ್ತ್ ಡಕೋಟದಲ್ಲಿ ಅಗಸೆ ಬೆಳೆದು ಕೈ ಸುಟ್ಟುಕೊಂಡ ಟೌನ್ಲಿ ಎಂಬ ರೈತ 1915ರಲ್ಲಿ ನಾನ್‌ಪಾರ್ಟಿಸನ್ ಲೀಗ್ ಎಂಬ ರೈತರ ಕೂಟ ಕಟ್ಟಿದ. ಗೋಧಿ ಬೆಳೆಯುವವನು ರೈತ, ದರ್ಜೆ ಹಾಕಿ ಬೆಲೆ ಕಟ್ಟುವವರು ಇನ್ಯಾರೋ. ದುಡ್ಡೆಲ್ಲ ಮಿನಿಯಾಪೊಲಿಸ್‌ನ ಹಿಟ್ಟಿನ ಗಿರಣಿಗೆ, ರೈಲು ಕಂಪನಿಗೆ. (ವಾಪಸ್ ಬರುವಾಗ ಕಾರಿನಲ್ಲಿ ಇದನ್ನು ಹೇಳಿದರೆ ಅಪ್ಪ ‘ನಮ್ ಕಬ್ಬಿಂದೂ ಅದೇ ಕತೆ’ ಅಂದರು.) ಮರುವರ್ಷವೇ ಲೀಗ್‌ನವರು ಗವರ್ನರ್ ಗಾದಿ ಹಿಡಿದರು. 1919ರಲ್ಲಿ ರಾಜ್ಯದ್ದೇ ಬ್ಯಾಂಕು, 1922ರಲ್ಲಿ ರಾಜ್ಯದ್ದೇ ಹಿಟ್ಟಿನ ಗಿರಣಿ. ಎರಡೂ ಇವತ್ತಿಗೂ ನಡೆಯುತ್ತಿವೆ.

ನಮ್ಮ ಮಿನೆಸೋಟದಲ್ಲಿ ಇದೇ ರೈತರು ಕಾರ್ಮಿಕರ ಜತೆ ಸೇರಿ ಫಾರ್ಮರ್-ಲೇಬರ್ ಪಕ್ಷ ಮಾಡಿದರು. ಫ್ಲಾಯ್ಡ್ ಓಲ್ಸನ್ ಅದರಿಂದ ಮೂರು ಸಲ ಗವರ್ನರ್ ಆಗಿ ಗೆದ್ದರು. 1936ರಲ್ಲಿ ಅವರು ತೀರಿಕೊಂಡ ಮೇಲೆ ಪಕ್ಷದ ಒಳಜಗಳ ಜಾಸ್ತಿಯಾಯಿತು. 1938ರಿಂದ ರಿಪಬ್ಲಿಕನ್ ಸ್ಟ್ಯಾಸೆನ್ ಸಾಲಾಗಿ ಮೂರು ಸಲ ಗೆದ್ದರು. ಮೂರು ಸಲವೂ ಎರಡನೇ ಸ್ಥಾನ ರೈತ-ಕಾರ್ಮಿಕರದ್ದು. ಡೆಮಾಕ್ರಟರು ಮೂರನೆಯವರು! ಓಟು ಹಂಚಿಹೋಗಿ ಇಬ್ಬರೂ ಕೆಡುತ್ತಿದ್ದೇವೆ ಎಂದು ಅರಿವಾಗಿ 1944ರ ಏಪ್ರಿಲ್ 15ರಂದು ಎರಡೂ ಪಕ್ಷದವರು ಒಂದಾದರು, ಹೆಸರೂ ಕೂಡಿತು. ಹಿಂದಿನ ವರ್ಷವಷ್ಟೇ ಮಿನಿಯಾಪೊಲಿಸ್ ಮೇಯರ್ ಚುನಾವಣೆಯಲ್ಲಿ ಸೋತಿದ್ದ ಹ್ಯೂಬರ್ಟ್ ಹಂಫ್ರಿ ಇದಕ್ಕಾಗಿ ಓಡಾಡಿದರು. 1945ರಲ್ಲಿ ಮೇಯರ್ ಆದರು, ಕೊನೆಗೆ ದೇಶದ ಉಪಾಧ್ಯಕ್ಷರೂ ಆದರು. ಅಂದಮೇಲೆ ಈ ಮನೆಗೆ ಹೆಚ್ಚು ಪಾತ್ರೆ ತಂದವರು ಯಾರು? ರೈತ-ಕಾರ್ಮಿಕರೇ ಅಲ್ವಾ? ಅದನ್ನು ‘ಬರೀ ಹೆಸರು’ ಅನ್ನಲು ಬಾಯಿ ಹೇಗೆ ಬರುತ್ತದೆ?

ಡಕೋಟದ ಲೀಗ್‌ನವರು ನಲವತ್ತು ವರ್ಷ ಹೆಚ್ಚಾಗಿ ರಿಪಬ್ಲಿಕನ್ನರ ಜಗಲಿಯಲ್ಲೇ ಇದ್ದು, 1956ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಡೆಮಾಕ್ರಟರ ಮನೆಗೆ ಬಂದರು. ಹೆಸರು ಬಿಡಲಿಲ್ಲ, ಡೆಮಾಕ್ರಟಿಕ್-ಎನ್‌ಪಿಎಲ್ (ಅದೇ ನಾನ್‌ಪಾರ್ಟಿಸನ್ ಲೀಗ್) ಅಂತ ಇವತ್ತಿಗೂ ಇದೆ. ಇನ್ನೊಂದು ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನ ಪ್ರೋಗ್ರೆಸಿವ್ ಪಕ್ಷದವರು 1946ರಲ್ಲಿ ಅಂಗಡಿ ಮುಚ್ಚಿ ರಿಪಬ್ಲಿಕನ್ನರ ಬಳಿಗೇ ವಾಪಸ್ ಹೋದರು. ಅದೇ ವರ್ಷ ಅವರ ನಾಯಕ, ಸೆನೆಟರ್ ಲಾ ಫಾಲೆಟ್ ಆ ಪಕ್ಷದ ಅಭ್ಯರ್ಥಿ ಆರಿಸುವ ಒಳಚುನಾವಣೆಯಲ್ಲೇ ಜೋ ಮೆಕಾರ್ಥಿ ಎದುರು ಸೋತರು. ಹೆಸರೂ ಹೋಯಿತು, ಸೀಟೂ ಹೋಯಿತು.

ಇಷ್ಟು ಹೇಳಲು ಐದು ನಿಮಿಷ ಸಾಕು. ಆ ಅಧಿಕಾರಿಗೆ ಪುರುಸೊತ್ತಿಲ್ಲ. ಪೆನ್ನಿನ ಕ್ಯಾಪ್ ತೆಗೆದು ವೃತ್ತ ತುಂಬುವುದನ್ನು ಮಾತ್ರ ಇಪ್ಪತ್ತು ನಿಮಿಷ ತೋರಿಸಿದರು, ನಾವೇನು ಎಲ್‌ಕೆಜಿ ಮಕ್ಕಳಾ? ಇವರ ಕಚೇರಿಗಳೇ ಹೀಗೆ. ಹೋದ ಚಳಿಗಾಲ ಹಿಮ ತಳ್ಳುವ ಗಾಡಿ ನಮ್ಮ ಅಂಚೆಪೆಟ್ಟಿಗೆಯನ್ನು ಬುಡಸಮೇತ ಉರುಳಿಸಿತು. ದೂರು ಕೊಟ್ಟರೆ ಒಂದು ಫಾರಂ. ತುಂಬಿ ಕೊಟ್ಟರೆ ಇನ್ನೊಂದು ಫಾರಂ. ಅದನ್ನು ಅಂಚೆಯಲ್ಲಿ ಕಳಿಸುತ್ತೇವೆ ಅಂದರು. ಯಾವ ಪೆಟ್ಟಿಗೆಗೆ? ಬೀದಿದೀಪದ್ದು ಬೇರೆಯೇ ರಾಮಾಯಣ, ಬಿಡಿ.

ಆದ್ದರಿಂದ ಮುಂದಿನ ಸಭೆಯಲ್ಲಿ ಪಕ್ಷಗಳ ಪೂರ್ತಿ ಹೆಸರು ಹೇಳಿಸಬೇಕು, ಪಾರ್ಕಿಂಗಿನ ಹಿಮವನ್ನೂ ತೆಗೆಸಬೇಕು. ನೀವು ತಿದ್ದುಪಡಿ ಹಾಕಬೇಕು. ಇಲ್ಲವೇ ನಿಮ್ಮ ವರದಿಗಾರರನ್ನು ಒಂದು ದಿನ ನಮ್ಮ ಮನೆಗೆ ಕಳಿಸಿ. ನಮ್ಮಪ್ಪ ಏಪ್ರಿಲ್‌ವರೆಗೂ ಇಲ್ಲೇ ಇರುತ್ತಾರೆ, ಅವರೇ ವಿಚಾರಿಸಿಕೊಳ್ಳುತ್ತಾರೆ.

ಇಂತಿ,
ಸಿಟ್ಟಿಗೆದ್ದ ಓದುಗ, ಮಿನೆಸೋಟ