ಚಂದ್ರನ ಫೋಟೊ ಕೆಳಗೆ ಬಣ್ಣದ ವಿವರವನ್ನೂ ಹಾಕಿ

ಸಂಪಾದಕರೇ,

ಪತ್ರಿಕೆಗಳು ಚಂದ್ರನ ಚಿತ್ರಗಳನ್ನು ದೊಡ್ಡದಾಗಿ ಹಾಕುವುದು ನನಗೆ ತುಂಬಾ ಖುಷಿ. ಆದರೆ ಅಲ್ಲಿ ಕಾಣುವ ಬಣ್ಣ ಎಲ್ಲಿಂದ ಬಂತು ಅನ್ನುವುದನ್ನು ಎಷ್ಟೋ ಸಲ ಬಿಟ್ಟೇ ಬಿಡುತ್ತೀರಿ. ಓದುವವರು ಅದೇ ನಿಜವಾದ ಬಣ್ಣ ಅಂದುಕೊಳ್ಳುತ್ತಾರೆ.

2023ರ ಸೆಪ್ಟೆಂಬರಿನಲ್ಲಿ ಇಸ್ರೊ ವಿಕ್ರಮ್ ಲ್ಯಾಂಡರಿನ ಕೆಂಪು-ನೀಲಿ ಚಿತ್ರವೊಂದನ್ನು ಕೊಟ್ಟಿತ್ತಲ್ಲ, ಅದನ್ನೇ ತಗೊಳ್ಳಿ. ಪ್ರಜ್ಞಾನ್ ರೋವರಿನ ಎಡ ಮತ್ತು ಬಲ ಕ್ಯಾಮೆರಾಗಳ ಎರಡು ಚಿತ್ರಗಳನ್ನು, ಎಡದ್ದಕ್ಕೆ ಕೆಂಪು, ಬಲದ್ದಕ್ಕೆ ನೀಲಿ-ಹಸಿರು ಕೊಟ್ಟು, ಒಂದರ ಮೇಲೊಂದು ಕೂರಿಸಿದ್ದರು. ತ್ರೀಡಿ ಕನ್ನಡಕ ಹಾಕಿ ನೋಡಿದರೆ ಲ್ಯಾಂಡರ್ ಎದ್ದು ಬಂದ ಹಾಗೆ ಕಾಣುತ್ತದೆ. ಚಂದ್ರನ ಮಣ್ಣಿನ ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಚಂದ್ರಯಾನ-1ರಲ್ಲಿದ್ದ ನಾಸಾದ ಉಪಕರಣದ ಚಿತ್ರ ಬೇರೆ ಥರದ್ದು. ನೀರಿನ ಗುರುತು ಸಿಕ್ಕಿದೆ ಎಂದು 2009ರಲ್ಲಿ ಹೇಳಿದಾಗ ಜೊತೆಗೆ ಬಂದದ್ದು ಇದೇ. ಅದರಲ್ಲಿ ನೀಲಿ ಅಂದರೆ ನೀರಿನ ಗುರುತು, ಹಸಿರು ಅಂದರೆ ನೆಲದ ಹೊಳಪು, ಕೆಂಪು ಅಂದರೆ ಕಬ್ಬಿಣ ಇರುವ ಪೈರಾಕ್ಸೀನ್ ಖನಿಜ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಅಳೆದದ್ದನ್ನು ಹೀಗೆ ಬಣ್ಣ ಕೊಟ್ಟು ತೋರಿಸಿದ್ದರು. ಇದನ್ನು ಯಾರೂ ಸುಳ್ಳು ಅನ್ನಬಾರದು, ಯಾವ ಬಣ್ಣ ಯಾವುದಕ್ಕೆ ಎಂದು ಗೊತ್ತಿದ್ದರೆ ಇಂಥ ಚಿತ್ರವೇ ಜಾಸ್ತಿ ಹೇಳುತ್ತದೆ. 1992ರಲ್ಲಿ ಗೆಲಿಲಿಯೊ ನೌಕೆ ತೆಗೆದ ಚಿತ್ರಗಳ ಬಣ್ಣ ಹೆಚ್ಚಿಸಿದಾಗ, ಅಪೊಲೊ 11 ಇಳಿದ ಟ್ರ್ಯಾಂಕ್ವಿಲಿಟಿ ಬಯಲು ನೀಲಿಯಾಗಿ ಕಂಡಿತು. ಅಲ್ಲಿನ ಕಲ್ಲಿನಲ್ಲಿ ಟೈಟಾನಿಯಂ ಜಾಸ್ತಿ, ಅದಕ್ಕೆ.

ಹಾಗಾದರೆ ನಿಜವಾದ ಬಣ್ಣ ಯಾವುದು? ಇದಕ್ಕೆ ಸುಮ್ನೆ ಬೂದು ಅಂದರೆ ಸಾಲದು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 12 ಶೇಕಡಾ ಮಾತ್ರ ವಾಪಸ್ ಕಳಿಸುವ ಚಂದ್ರ, ಹಳೇ ಟಾರು ರಸ್ತೆಯಷ್ಟೇ ಕಪ್ಪು. 1968ರಲ್ಲಿ ಅಪೊಲೊ 8ರವರು ಬೂದು ಅಂದರು, ಮುಂದಿನ ವರ್ಷ ಅಪೊಲೊ 10ರವರು ಕಂದು ಬಣ್ಣವನ್ನೂ ಕಂಡೆವು ಅಂದರು. ಬಿಸಿಲು ಯಾವ ಕೋನದಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಕ್ಯಾಮೆರಾದ ಹೊಂದಾಣಿಕೆಯೂ ಬಣ್ಣ ಕೆಡಿಸಬಲ್ಲದು: ಚೀನಾದ ಚಾಂಗ್'ಇ-4 2019ರ ಜನವರಿಯಲ್ಲಿ ಚಂದ್ರನ ಆಚೆ ಬದಿಯಿಂದ ಕಳಿಸಿದ ಮೊದಲ ಚಿತ್ರಗಳು ಕೆಂಪಾಗಿದ್ದವು, ಬಣ್ಣ ಸರಿಪಡಿಸಿದ ಮೇಲೆ ನೆಲ ಬೂದಾಯಿತು.

ಇಷ್ಟರ ನಡುವೆಯೂ ನಿಜವಾದ ಬಣ್ಣ ಅಲ್ಲಿ ಇದ್ದೇ ಇದೆ! 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಅವರಿಗೆ ಶಾರ್ಟಿ ಕುಳಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಮಣ್ಣು ಸಿಕ್ಕಿತು, 350 ಕೋಟಿ ವರ್ಷಕ್ಕೂ ಹಿಂದೆ ಜ್ವಾಲಾಮುಖಿ ಚಿಮ್ಮಿಸಿದ ಗಾಜಿನ ಪುಟ್ಟ ಮಣಿಗಳು. ಅದರ ಫೋಟೊವನ್ನು ನಂಬಬಹುದು, ಯಾಕೆಂದರೆ ಬಣ್ಣ ಹೋಲಿಸಿ ನೋಡಲು ಬಣ್ಣದ ಪಟ್ಟಿ ಇರುವ ಸಲಕರಣೆಯನ್ನು ಪಕ್ಕದಲ್ಲೇ ಇಟ್ಟು ತೆಗೆದಿದ್ದರು. ಮಣ್ಣೂ ಭೂಮಿಗೆ ಬಂತು.

ಬಾಹ್ಯಾಕಾಶ ಸಂಸ್ಥೆಗಳು ಸಾಮಾನ್ಯವಾಗಿ ಚಿತ್ರದ ಜೊತೆಗೇ ಈ ವಿವರ ಕೊಡುತ್ತವೆ. ಜಾಗ ಸಾಲದು ಅಂತ ಅದನ್ನು ಕತ್ತರಿಸಬೇಡಿ. ಕಣ್ಣಿಗೆ ಕಾಣುವ ಬಣ್ಣವೋ, ಹೆಚ್ಚಿಸಿದ್ದೋ, ಅಳತೆ ತೋರಿಸಲು ಕೊಟ್ಟದ್ದೋ, ಇಷ್ಟು ತಿಳಿಸಿದರೂ ಸಾಕು. ಬೇಕಾದರೆ ಚಿತ್ರವನ್ನು ಒಂದಿಷ್ಟು ಚಿಕ್ಕದು ಮಾಡಿ.

ಇಂತಿ,
ನಿಮ್ಮ ಓದುಗ, ತುಮಕೂರು