ನಾರ್‌ಶೋಪಿಂಗ್‌ನಲ್ಲಿರೋ ಮಗಳಿಗೊಂದು ಪತ್ರ

ಪುಟ್ಟಿ,

ಮೊನ್ನೆ ವಿಡಿಯೋ ಕಾಲಲ್ಲಿ ಹೊಳೆ ದಂಡೆ ಮೇಲಿನ ಹಳೇ ಮಿಲ್ಲುಗಳನ್ನ ತೋರಿಸಿದ್ಯಲ್ಲ, ಅವತ್ತಿಂದ ನಂಗೆ ಅದೇ ಗುಂಗು. ನಿಮ್ಮೂರನ್ನ ಸ್ವೀಡನ್ನಿನ ಮ್ಯಾಂಚೆಸ್ಟರ್ ಅಂತಿದ್ರಂತೆ, ನಮ್ಮ ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂದಂಗೆ. ನಿಮ್ಮಜ್ಜ ಮಿಲ್ ಸೈರನ್ ಕೇಳಿದ್ ತಕ್ಷಣ ಬುತ್ತಿ ಹಿಡ್ಕೊಂಡು ಓಡ್ತಿದ್ದಿದ್ದು ನಂಗಿನ್ನೂ ಕಣ್ಣಲ್ಲಿದೆ, ಒಂದಿನ ಆ ಸೈರನ್ನೇ ನಿಂತೋಯ್ತು. ಅದಕ್ಕೇ ನಿಮ್ಮೂರಿನ ಸಿಂಫನಿ ಆರ್ಕೆಸ್ಟ್ರಾ, ಅಂದ್ರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸೋ ದೊಡ್ಡ ವಾದ್ಯವೃಂದದ ಬಗ್ಗೆ ಓದಿದಾಗ ತಡ್ಕೊಳ್ಳೋಕಾಗ್ಲಿಲ್ಲ.

1912ರಲ್ಲಿ ಶುರುವಾದ ಆರ್ಕೆಸ್ಟ್ರಾ ಅದು. ಸ್ಟಾಕ್‌ಹೋಮ್ ಅಲ್ಲ ಏನಲ್ಲ, ಬಟ್ಟೆ ಮತ್ತೆ ಪೇಪರ್ ಮಾಡೋ ಊರು. 1954ರಲ್ಲಿ ಇನ್ನೂ ಮೂವತ್ತಾಗದ ಹರ್ಬರ್ಟ್ ಬ್ಲೂಮ್‌ಸ್ಟೆಟ್ ಅಲ್ಲಿಗೆ ಚೀಫ್ ಕಂಡಕ್ಟರ್ ಆಗಿ, ಅಂದ್ರೆ ಮುಂದೆ ನಿಂತು ವಾದ್ಯದೋರನ್ನೆಲ್ಲ ನಡೆಸೋರಾಗಿ ಬಂದ್ರು, 1962ರ ತನಕ ಇದ್ರು, ಆಮೇಲೆ ಡ್ರೆಸ್ಡೆನ್, ಸ್ಯಾನ್ ಫ್ರಾನ್ಸಿಸ್ಕೊ, ಲೈಪ್‌ಸಿಗ್ ಅಂತ ದೊಡ್ಡ ದೊಡ್ಡ ಕಡೆ ಹೋದ್ರು, ತೊಂಬತ್ತು ದಾಟಿದ ಮೇಲೂ ಕಂಡಕ್ಟ್ ಮಾಡಿದ್ದಾರೆ ನೋಡು. ಫ್ರಾನ್ಸ್ ವೆಲ್ಸರ್-ಮೋಸ್ಟ್ ಕೂಡ 1986ರಿಂದ ಅಲ್ಲೇ ಐದು ವರ್ಷ ಚೀಫ್ ಕಂಡಕ್ಟರ್ ಆಗಿದ್ದೋರು.

ನಂಗೆ ಜೀವ ತುಂಬಿ ಬಂದಿದ್ದು ಮಾತ್ರ ಹಾಲ್ ವಿಷಯಕ್ಕೆ. 1994ರಿಂದ ಅವ್ರು ನುಡಿಸೋದು ಹಳೇ ಪೇಪರ್ ಮಿಲ್ ಜಾಗದಲ್ಲಿ, ಡೆ ಯೇರ್ ಹಾಲಲ್ಲಿ! ಮೆಷಿನ್ ಸದ್ದು ಮಾಡ್ತಿದ್ದ ಕಡೆ ಈಗ ಪಿಟೀಲು, ಚೆಲ್ಲೋ. ಇಲ್ಲಿ ನಮ್ ಮಿಲ್ಲುಗಳ ಗತಿ ನಿಂಗೆ ಗೊತ್ತೇ ಇದೆ.

ಅವ್ರು ಮಾಡಿರೋ ಇನ್ನೊಂದು ದೊಡ್ಡ ಕೆಲಸ ಅಂದ್ರೆ ಸ್ವೀಡನ್ನಿನ ಸಂಗೀತ ರಚನಕಾರ ಅಲಾನ್ ಪೆಟ್ಟೆರ್ಸನ್ ಸಿಂಫನಿಗಳು, ಅಂದ್ರೆ ಆರ್ಕೆಸ್ಟ್ರಾಗೆ ಅಂತ ಬರೆದ ದೊಡ್ಡ ಕೃತಿಗಳು. ಆತ ಸ್ಟಾಕ್‌ಹೋಮಿನ ಬಡ ಕಮ್ಮಾರನ ಮಗ, ಹುಡುಗನಾಗಿದ್ದಾಗ ಕ್ರಿಸ್‌ಮಸ್ ಕಾರ್ಡ್ ಮಾರಿ ಪಿಟೀಲು ಕೊಂಡೋನು, ಮುಂದೆ ಕೀಲುವಾತ ಬಂದು ಮನೆಯಿಂದ ಆಚೆ ಬರೋದೂ ಕಷ್ಟ ಆಯ್ತು, ಆದ್ರೂ ಬರೆದ. ನುಡಿಸೋರಿಗೆ ಬೆವರಿಳಿಸೋ ಸಂಗೀತ. ಮೊದಲು ಲೇಫ್ ಸೆಗರ್‌ಸ್ಟಾಮ್, ಆಮೇಲೆ ಕ್ರಿಸ್ಟಿಯಾನ್ ಲಿಂಡ್‌ಬೆರಿ ಅನ್ನೋ ಕಂಡಕ್ಟರ್ ಜೊತೆ ನಿಮ್ಮೂರಿನೋರೇ ಕೂತು ಒಂದೊಂದಾಗಿ ರೆಕಾರ್ಡ್ ಮಾಡಿದ್ರು. ಏಳನೇ ಸಿಂಫನಿನ ಇಯರ್‌ಫೋನ್ ಹಾಕ್ಕೊಂಡು ಕೇಳ್ದೆ, ಮುಕ್ಕಾಲು ಗಂಟೆ ನಿಲ್ಲೋದೇ ಇಲ್ಲ, ನಡುವೆ ತಂತಿವಾದ್ಯಗಳು ಮೆತ್ತಗೆ ಹಾಡೋಕೆ ಶುರು ಮಾಡಿದಾಗ ಅಪ್ಪ ನೆನಪಾದ್ರು, ಅತ್ತೇಬಿಟ್ಟೆ.

ನೀನೊಂದ್ಸಲ ಹೋಗಿ ಕೂತ್ಕೊಂಡು ಕೇಳು, ಟಿಕೆಟ್ ದುಡ್ಡು ನಾನ್ ಹಾಕ್ತೀನಿ. ಇಂಟರ್ವಲ್ಲಲ್ಲಿ ಫೋನ್ ಮಾಡು, ಇಲ್ಲಿ ನಡುರಾತ್ರಿ ಆಗಿರುತ್ತೆ ಆದ್ರೂ ಎದ್ದಿರ್ತೀನಿ, ಆ ಗೋಡೆಗಳು ಹೆಂಗಿವೆ ಅಂತ ಹೇಳು.

ನಿನ್ನ ಅಪ್ಪ