ಹೂಗುಚ್ಛ ಕೊಟ್ಟಿದ್ದು ಸುದ್ದಿಯಲ್ಲ

ಪ್ರೀತಿಯ ತಮ್ಮಾ,

ನೀನು ಕಳಿಸಿದ ರೋಟರಿ ಸಭೆಯ ವರದಿ ಓದಿದೆ. ಪ್ರಾರ್ಥನೆ ಹಾಡಿದವರು, ಸ್ವಾಗತಿಸಿದವರು, ಹೂಗುಚ್ಛ ಕೊಟ್ಟವರು, ವಂದಿಸಿದವರು ಎಲ್ಲರೂ ಇದ್ದಾರೆ. ಬೆಂಗಳೂರಿನ ಬೇಗೂರು ಶಾಸನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ ಅತಿಥಿಗೆ ಸಿಕ್ಕಿದ್ದು ಮಾತ್ರ ಒಂದೇ ಸಾಲು: ‘ಸ್ಥಳೀಯ ಇತಿಹಾಸ ಉಳಿಸಬೇಕೆಂದು ಕರೆ ನೀಡಿದರು.’ ಕರೆ ಎಲ್ಲ ಸಭೆಯಲ್ಲೂ ಇರುತ್ತದೆ, ಬಿಡು.

ವರದಿಯನ್ನು ತಲೆಕೆಳಗು ಮಾಡು. ಮೊದಲ ವಾಕ್ಯ ಹೀಗಿರಲಿ: ‘ಬೆಂದಕಾಳಿನ ಕತೆಗೆ ಸುಮಾರು ಮುನ್ನೂರು ವರ್ಷ ಮೊದಲೇ ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲಿತ್ತು.’ ಆಮೇಲೆ ಆಧಾರ: ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 900ರ ಗಂಗರ ಕಾಲದ ಶಾಸನದಲ್ಲಿ ಬೆಂಗಳೂರು ಕಾಳಗದ ಮಾತಿದೆ. ಅಜ್ಜಿಯೊಬ್ಬಳು ಕೊಟ್ಟ ಬೆಂದಕಾಳಿನಿಂದ ಊರಿಗೆ ಹೆಸರು ಬಂತೆನ್ನುವ ಕತೆಯ ನಾಯಕ, ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಕೆಂಪೇಗೌಡರು 1537ರಲ್ಲಿ ಕೋಟೆ, ಪೇಟೆ ಕಟ್ಟಿದ್ದಕ್ಕೂ ಇದಕ್ಕೂ ಜಗಳವಿಲ್ಲ. ಹೆಸರು ಹಳೆಯದು, ಪಟ್ಟಣ ಆಮೇಲಿನದು. ಇದನ್ನು ಬಿಡಿಸಿ ಬರೆಯದಿದ್ದರೆ ‘ಕೆಂಪೇಗೌಡರು ಊರು ಕಟ್ಟಲಿಲ್ಲ’ ಎಂಬ ತಲೆಬರಹ ಬಂದು ಗಲಾಟೆಯಾಗುತ್ತದೆ.

ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆ. ಎಡಗಡೆ ಅತಿಥಿಯ ಮಾತು. ಬಲಗಡೆ ಒಂದೇ ಅಕ್ಷರ, ‘ಶಾ’ ಅಥವಾ ‘ಐ’ ಅಥವಾ ‘ಊ’. ಶಾಸನ, ಐತಿಹ್ಯ, ಊಹೆ. ಒಳ್ಳೆಯ ಭಾಷಣಕಾರರು ‘ಶಾಸನದಲ್ಲಿದೆ’, ‘ಹೀಗೊಂದು ಕತೆಯಿದೆ’, ‘ಇದ್ದಿರಬಹುದು’ ಎಂದು ಬೇರೆ ಬೇರೆಯಾಗಿಯೇ ಹೇಳುತ್ತಾರೆ. ನಾವು ಅವಸರದಲ್ಲಿ ಮೂರನ್ನೂ ‘ಎಂದು ತಿಳಿಸಿದರು’ ಮಾಡಿ ಒಂದೇ ಪಾತ್ರೆಗೆ ಸುರಿಯುತ್ತೇವೆ. ವರದಿ ಕೆಡುವುದು ಹೆಚ್ಚಾಗಿ ಇಲ್ಲೇ.

ಕಾಫಿ ಹೊತ್ತಿನ ಐದು ನಿಮಿಷ ಹರಟೆಗೆ ಕೊಡಬೇಡ. ಹೆಸರುಗಳನ್ನು ಅತಿಥಿಯ ಕೈಯಲ್ಲೇ ಬರೆಸಿಕೊ. ಬೇಗೂರು ಶಾಸನದಲ್ಲಿ ಬರುವ ನಾಗತ್ತರ ಎಂಬ ಹೆಸರು ಫ್ಯಾನಿನ ಸದ್ದಿನಲ್ಲಿ ನಾಗದತ್ತ ಆಗಿಬಿಡುತ್ತದೆ. ಶಾಸನಗಳನ್ನು ಅಚ್ಚುಮಾಡಿದ ಗ್ರಂಥಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ ಹೇಳಿದರೆ ಹಳೆಯದೋ ಪರಿಷ್ಕೃತವೋ ಕೇಳು: ಹಳೆಯ ಮಾಲೆಯ ಸಂಪಾದಕ ಬಿ.ಎಲ್. ರೈಸ್ ಅವರ 9ನೆಯ ಸಂಪುಟ ಬೆಂಗಳೂರು ಜಿಲ್ಲೆಯದು, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಮಾಲೆಯ 9 ಬೇಲೂರಿನದು. ಇಸವಿ ಹೇಳಿದರೆ ಶಕವೋ ಕ್ರಿಸ್ತಶಕವೋ ಖಚಿತಮಾಡಿಕೊ. ಶಕ 1459ಕ್ಕೆ 78 ಕೂಡಿಸಿದರೆ 1537. ತಿಥಿ ಪುಷ್ಯದ ಕೊನೆಯಿಂದ ಫಾಲ್ಗುಣದೊಳಗೆ ಬಿದ್ದರೆ 79 ಕೂಡಿಸಬೇಕು. ಕೂಡಿಸದೆ ‘1459ನೇ ಇಸವಿ’ ಎಂದು ಅಚ್ಚಾದರೆ ತಪ್ಪು ನಿನ್ನದಾದರೂ ಬೈಸಿಕೊಳ್ಳುವುದು ಅತಿಥಿ.

ಶಾಸನದ ಫೋಟೊ ಬೇಕೆಂದರೆ ನೆತ್ತಿಯ ಬಿಸಿಲಲ್ಲಿ ತೆಗೆಯಬೇಡ, ಅಕ್ಷರ ಏಳುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ನೆರಳಿನಲ್ಲಿದ್ದರೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಬೆಳಕು ಮೇಲ್ಮೈಯನ್ನು ಸವರುವಂತೆ ಬಿಡು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವವರನ್ನು ತಡೆ.

ಸಭೆಯ ವಿವರಕ್ಕೆ ಕೊನೆಯಲ್ಲಿ ಮೂರು ಸಾಲು ಸಾಕು. ಅಧ್ಯಕ್ಷರು, ಕಾರ್ಯದರ್ಶಿ, ಮುಂದಿನ ಕಾರ್ಯಕ್ರಮದ ದಿನ, ಜಾಗ. ರೋಟರಿ ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ ಜೂನ್ ಕೊನೆ, ಜುಲೈ ಮೊದಲಲ್ಲಿ ಪದಾಧಿಕಾರಿಗಳ ಹೆಸರನ್ನು ಹಳೆಯ ವರದಿ ನೋಡಿ ಬರೆಯಬೇಡ. ಹೆಸರಿನ ಹಿಂದಿನ ‘ರೊ.’ (ರೊಟೇರಿಯನ್) ಕ್ಲಬ್ಬಿನ ಸ್ವಂತ ಪತ್ರಿಕೆಯಲ್ಲಿರಲಿ, ದಿನಪತ್ರಿಕೆಗೆ ಬೇಡ. ಜಾಗ ಸಾಲದಾಗ ಡೆಸ್ಕಿನವರು ಕತ್ತರಿಸುವುದು ಬುಡದಿಂದ, ಹಾಗಾಗಿ ಹೋದರೆ ಈ ಮೂರು ಸಾಲೇ ಹೋಗಲಿ.

ವಂದಿಸಿದವರು ಬೇಸರ ಮಾಡಿಕೊಂಡರೆ ಒಂದು ಗುಂಪು ಫೋಟೊ ಕಳಿಸು. ಅಡಿಬರಹದಲ್ಲಿ ಎಲ್ಲರ ಹೆಸರೂ ಎಡದಿಂದ ಬಲಕ್ಕೆ ಸರಿಯಾಗಿರಲಿ.

ಇಂತಿ,
ನಿನ್ನ ಅಣ್ಣ